ಸಿಸ್ಟರ್ ಹೇಳಿಕೊಟ್ಟ ಲಕ್ಷಣ

ನಾಳೆಯೇ ಮಗಳ ತಲೆಗೆ ಆಪರೇಷನ್ ಎಂದು ಡಾಕ್ಟರು ಹೇಳಿದಾಗ ಪುಟ್ಟಿಯ ತಾಯಿ ಅಳಲಿಲ್ಲ. ಯಾವ ಮಾತ್ರೆಗೂ ಬಗ್ಗದ ಫಿಟ್ಸಿಗೆ ಇನ್ನೇನು ದಾರಿ ಎಂದು ತಾನೇ ಡಾಕ್ಟರಿಗೆ ಸಮಾಧಾನ ಹೇಳಿದಳು. ತಾಯಿ ಎಂದರೆ ಹೀಗಿರಬೇಕು ಎಂದು ವಾರ್ಡಿಗೆ ವಾರ್ಡೇ ಹೊಗಳಿತು. ನರ್ಸಿನ ತಲೆಯಲ್ಲಿ ಮಾತ್ರ ಹುಳ ಕೊರೆಯತೊಡಗಿತು. ಅಲ್ಲ, ಇಷ್ಟು ಸಲ ಬಂದ ಫಿಟ್ಸ್ ಒಂದು ಸಲವಾದರೂ ಬೇರೆಯವರ ಕಣ್ಣಿಗೆ ಬೀಳಬಾರದೇ? ತಾಯಿ ಸ್ನಾನಕ್ಕೆ ಹೋದರೆ ಫಿಟ್ಸೂ ಜೊತೆಗೇ ಹೋಗುತ್ತದೆ!

ಈ ಅನುಮಾನವನ್ನು ಡಾಕ್ಟರ ಕಿವಿಗೆ ಹಾಕಿ, ಹೆತ್ತ ಕರುಳನ್ನು ಶಂಕಿಸುತ್ತೀಯಾ ಎಂದು ಬೈಸಿಕೊಂಡದ್ದೂ ಆಗಿತ್ತು. ಆದರೂ ಅವಳಿಗೆ ಸುಮ್ಮನಿರಲಾಗಲಿಲ್ಲ. ಮಧ್ಯಾಹ್ನ ಹಾಸಿಗೆಯ ಹೊದಿಕೆ ಬದಲಿಸುತ್ತ, ಬೇಕೆಂದೇ ಒಂದು ಸುಳ್ಳು ತೇಲಿಬಿಟ್ಟಳು.

"ನಿಜವಾದ ಫಿಟ್ಸ್ ಬಂದ್ರೆ ಬಲಗಿವಿ ಕೆಂಪಾಗತ್ತಮ್ಮ. ನಿಮ್ಮ ಮಗಳಿಗೆ ಹಾಗಾಗಲ್ಲ, ಅಲ್ವಾ?"

ಗಮನಿಸಿಲ್ಲ ಎಂದಳು ತಾಯಿ. ಪುಟ್ಟಿ ತಲೆ ಬಗ್ಗಿಸಿ ಚಿತ್ರಕ್ಕೆ ಬಣ್ಣ ತುಂಬುತ್ತಿದ್ದಳು.

ಸಂಜೆ ನರ್ಸ್ ಟೀ ಕುಡಿದು ಬರುವಷ್ಟರಲ್ಲಿ ಫಿಟ್ಸ್ ಬಂದು ಹೋಗಿತ್ತಂತೆ. "ನೀವು ಹೇಳಿದ ಹಾಗೇ ಆಯ್ತು ಸಿಸ್ಟರ್, ನೋಡಿ ಕಿವಿ," ಎಂದು ತಾಯಿ ಉಬ್ಬಿಹೋಗಿ ತೋರಿಸಿದಳು. ಬಲಗಿವಿ ಕೆಂಪಗೆ ಬಾತಿತ್ತು. ಅದರ ಹಿಂದೆ ಉಗುರಿನ ಹಸಿ ಗುರುತು.

ನರ್ಸ್ ಓಡಿಹೋಗಿ, ತಾನು ಹೇಳಿದ ಸುಳ್ಳನ್ನು ತಿಳಿಸಿ ಡಾಕ್ಟರನ್ನು ಕರೆತಂದಳು. ಫಿಟ್ಸಿಗೆ ಇಂಥ ಲಕ್ಷಣವೇ ಇಲ್ಲವೆಂದು ಅವರಿಗೆ ಗೊತ್ತಿಲ್ಲವೇ? ಕಿವಿ ನೋಡಿದವರೇ ಆಪರೇಷನ್ ನಿಲ್ಲಿಸಿ, ತಾಯಿಯನ್ನು ಮಾತಿಗೆಂದು ತಮ್ಮ ಕೋಣೆಗೆ ಕರೆದೊಯ್ದರು. ಸದ್ಯ, ಮಗು ಬದುಕಿತು ಎಂದು ನರ್ಸಿನ ಎದೆ ಹಗುರಾಯಿತು. ಹೇಗೆ ಸಿಕ್ಕಿಸಿದೆ ನೋಡು ಎಂದು ತನ್ನ ಜಾಣತನದ ಬಗ್ಗೆ ಒಳಗೊಳಗೇ ಹೆಮ್ಮೆಯೂ ಆಯಿತು, ಸುಳ್ಳೇಕೆ ಹೇಳಬೇಕು.

ಪುಟ್ಟಿಯ ಕಿವಿಗೆ ಮುಲಾಮು ಹಚ್ಚುತ್ತ ಕೇಳಿದಳು, "ಅಮ್ಮ ಚಿವುಟಿದಾಗ ಯಾಕಮ್ಮ ಕೂಗ್ಲಿಲ್ಲ ನೀನು?"

"ಕೂಗಿದ್ರೆ ಅಮ್ಮಂಗೆ ಬೇಜಾರಾಗತ್ತೆ," ಎಂದಳು ಪುಟ್ಟಿ. ಬಾಗಿಲ ಕಡೆಗೊಮ್ಮೆ ನೋಡಿ, ನರ್ಸಿನ ಕೈ ಹಿಡಿದು ಹತ್ತಿರಕ್ಕೆ ಎಳೆದುಕೊಂಡಳು.

"ಸಿಸ್ಟರ್, ಇನ್ನೊಂದ್ಸಲ ಅಮ್ಮಂಗೆ ಹೇಳ್ಕೊಡುವಾಗ, ನಂಗೆ ನೋವಾಗದೇ ಇರೋದು ಏನಾದ್ರೂ ಹೇಳ್ಕೊಡಿ."