ಕೊರಳ ಮೇಲಿನ ಗುರುತು

ಥ್ರಿಲ್ಲರ್ ಚಿತ್ರದ ಕತ್ತು ಹಿಸುಕುವ ದೃಶ್ಯ ನಿನ್ನೆಯೇ ಮುಗಿದಿತ್ತು. ಇಂದು ಕೊರಳ ಮೇಲಿನ ಗುರುತುಗಳ ಕ್ಲೋಸಪ್. ಸಹಾಯಕ ನಿರ್ದೇಶಕಿ ಸುಚೇತಾ ಹೊಸ ನಾಯಕಿಯ ಕೊರಳನ್ನು ಪರೀಕ್ಷಿಸಿ ಬೆರಗಾದಳು. ಐದೂ ಬೆರಳಿನ ಗುರುತುಗಳು ನೀಲಿಗಟ್ಟಿ ಮೂಡಿದ್ದವು.

"ಗೋಪಣ್ಣ, ಮೇಕಪ್ ಅಂದ್ರೆ ಇದು!"

"ನಾನಿನ್ನೂ ಪೆಟ್ಟಿಗೇನೇ ತೆಗೆದಿಲ್ಲಮ್ಮ."

ನಾಯಕಿ ತಲೆ ತಗ್ಗಿಸಿದಳು. ಅತ್ತ ಕೊಲೆಗಾರನ ಪಾತ್ರದ ಹುಡುಗ ನೆಮ್ಮದಿಯಾಗಿ ಇಡ್ಲಿ ಮುಕ್ಕುತ್ತಿದ್ದ. ಸುಚೇತಾ ನೆಟ್ಟಗೆ ನಿರ್ದೇಶಕರ ಬಳಿ ನಡೆದಳು.

"ಸಾರ್, ಆ ಮೃಗ ನಿಜವಾಗ್ಲೂ ಹಿಸುಕಿದ್ದಾನೆ. ಪೊಲೀಸ್‌ಗೆ ಕೊಡೋಣ."

"ಪಾಪ, ಅವನ ಕೈಲಿ ಎಲ್ಲಾಗುತ್ತೆ?" ನಿರ್ದೇಶಕರು ಮಾನಿಟರಿನಿಂದ ಕಣ್ಣೆತ್ತಲಿಲ್ಲ. "ಬಣ್ಣ ಹಚ್ಚಿದ್ರೆ ನಾಟಕದ ಥರ ಕಾಣುತ್ತೆ. ಬೇಗ ಕ್ಯಾಮೆರಾ ಇಡ್ಸು. ಮಾಸಿದ್ರೆ ಮತ್ತೆ ನಾನೇ ಒತ್ತಬೇಕಾಗುತ್ತೆ."