ನಾಲ್ಕು ದಿನ ನಾಗಾ

“ಅಂಕಲ್, ಇದೇನಾ ನೋಡಿ?” ಕಂಪ್ಯೂಟರ್ ರಿಪೇರಿಯ ಹುಡುಗಿ ಪರದೆಯ ಮೇಲಿನ ಒಂದು ಕೆಂಪು ಸಾಲಿಗೆ ಬೆರಳಿಟ್ಟಳು. ಪ್ರೂಫ್ ತಿದ್ದುವ ಮುದುಕ ಕನ್ನಡಕ ಮೇಲೇರಿಸಿ ಬಗ್ಗಿದ. “ಇದೇ ಕಣಮ್ಮಾ, ನನ್ನ ಮಗಳು ಬರೆದದ್ದು. ವೈರಸ್ ತೆಗೆಯೋಕೆ ಹೋಗಿ ನಾನೇ ‘ಎಲ್ಲಾ ಅಳಿಸು’ ಒತ್ತಿಬಿಟ್ಟೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!”

“ಸದ್ಯ, ಆಂಟಿವೈರಸ್ ಪೂರ್ತಿ ಅಳಿಸಿಲ್ಲ, ಬದಿಗಿಟ್ಟಿದೆ. ಯಾರನ್ನೂ ಕೇಳದೆ ತಾನಾಗೇ ಎದ್ದು ಬರುತ್ತಲ್ಲ, ಅದಕ್ಕೇ ವೈರಸ್ ಅಂದ್ಕೊಂಡಿದೆ.”

ಕೆಲಸಕ್ಕೆ ಕೂತರೆ ಅವನಿಗೆ ಮೈಮೇಲೆ ಎಚ್ಚರವಿರುತ್ತಿರಲಿಲ್ಲ, ನೀರು ಕುಡಿಯುವುದನ್ನೂ ಮರೆತು ಕಿಡ್ನಿಯಲ್ಲಿ ಕಲ್ಲಾಗಿತ್ತು. ಹಾಗಾಗಿ ಬೇರೆ ಊರಲ್ಲಿದ್ದ ಮಗಳು, ದಿನಾ ಹನ್ನೊಂದಕ್ಕೆ ಪರದೆಯ ಮೇಲೆ ಎದ್ದುಬರುವ ಪುಟ್ಟ ಚೌಕವೊಂದನ್ನು ಮಾಡಿಕೊಟ್ಟಿದ್ದಳು: ‘ನೀರು ಕುಡಿದ್ಯಾ ಅಪ್ಪಾ?’ ಕೆಳಗೆ ಒಂದೇ ಗುಂಡಿ, ‘ಕುಡಿದೆ’. ಅವಳು ತೀರಿಕೊಂಡು ಎರಡು ವರ್ಷ. ಜ್ವರವಿರಲಿ, ಭಾನುವಾರವಿರಲಿ, ಅವನು ಅದನ್ನು ಒತ್ತುವುದು ಒಂದು ದಿನವೂ ತಪ್ಪಿರಲಿಲ್ಲ. ಈ ನಾಲ್ಕು ದಿನ ಬಿಟ್ಟು.

ಹುಡುಗಿ ಫೈಲನ್ನು ವಾಪಸ್ ತಂದು ತೆರೆದಳು. ಚೌಕ ಬಂತು. ಆದರೆ ಅದರಲ್ಲಿದ್ದದ್ದು ಅವನು ಎಂದೂ ಕಾಣದ ಮಾತು. ಅವನು ಗುಂಡಿ ಒತ್ತದೆ ನಾಗಾ ಮಾಡಿದರೆ ಮಾತ್ರ ಕಾಣಲೆಂದು ಮಗಳು ಅಂದೇ ಬರೆದಿಟ್ಟಿದ್ದಳು: ‘ನಾಲ್ಕು ದಿನದಿಂದ ಪತ್ತೇನೇ ಇಲ್ವಲ್ಲಪ್ಪಾ! ಹುಷಾರಾಗಿದ್ದೀಯ ತಾನೇ? ನಾನು ಹೊರಟು ಬರ್ಲಾ?’

ಕೆಳಗೆ ಎರಡು ಗುಂಡಿಗಳು: ‘ಬೇಡ’, ‘ಬಾ’.

ಹುಡುಗಿ ಮೌಸನ್ನು ಅವನತ್ತ ಸರಿಸಿದಳು. ಮುದುಕ ಅದನ್ನು ಹಿಡಿದು ಆ ಸಾಲನ್ನು ಮತ್ತೊಮ್ಮೆ ಓದಿದ. ಆಮೇಲೆ ‘ಬಾ’ ಒತ್ತಿದ. ಚೌಕ ಮುಚ್ಚಿಕೊಂಡಿತು. ಅವನು ಬಾಗಿಲ ಕಡೆ ತಿರುಗಿ ನೋಡಿದ.