ಪೈಪಿನ ಪಕ್ಕದ ದಾರಿ

ಇದ್ದತ್‌ನಲ್ಲಿದ್ದ ವಿಧವೆ ಸೈಕಲ್ ತುಳಿಯುತ್ತಿದ್ದಳು.

ಗಂಡಸರ ಪ್ಯಾಂಟು, ತಲೆಗೆ ಟೊಪ್ಪಿ, ಹ್ಯಾಂಡಲ್ಲಿಗೆ ಟಿಫಿನ್ ಕ್ಯಾರಿಯರ್. ನೋಡಿದವರಿಗೆ ಪಾಳಿಗೆ ಹೊರಟ ಕೂಲಿಯವನು. ಆದರೆ ಅವಳು ಮೆಟ್ಟಿಲಿಳಿಯುವಾಗಲೇ ಅದೇ ಬಿಲ್ಡಿಂಗಿನ ಕುಲ್ಸುಂ ಆ ಬೆರಳುಗಳ ಮದರಂಗಿ ಕಂಡಿದ್ದಳು. ಇದ್ದತ್ ಎಂದರೆ ಗಂಡ ಸತ್ತವಳು ನಾಲ್ಕು ತಿಂಗಳು ಹತ್ತು ದಿನ ಮನೆಯೊಳಗೇ ಕೂರಬೇಕು, ಸಿಂಗಾರ ಕೂಡದು. ಸಬೀನಾ ಎರಡನೇ ತಿಂಗಳಿಗೇ ಹೊಸಿಲು ದಾಟಿದ್ದಳು.

ಕುಲ್ಸುಂ ಅಬ್ಬಾಸನ ಸೈಕಲ್ಲಿನಲ್ಲಿ ಹಿಂಬಾಲಿಸಿದಳು. ಅಬ್ಬಾಸ್ ಅವಳ ಗಂಡ. ಶುಕ್ರವಾರ ಬೆಳಿಗ್ಗೆಗಳಲ್ಲಿ, ಇದೇ ದಾರಿಯಲ್ಲಿ, ಅವಳಿಗೆ ಸೈಕಲ್ ಕಲಿಸಿದವನು. ಕೊಲ್ಲಿ ದೇಶದ ಆ ಮಾಹೂಝ್ ಬಡಾವಣೆಯ ಕಟ್ಟಡಗಳು ಹಿಂದೆ ಸರಿದವು. ಸೇತುವೆ ದಾಟಿದ ಮೇಲೆ ಎಣ್ಣೆಯ ಪೈಪು, ಪಕ್ಕದಲ್ಲಿ ಮಣ್ಣಿನ ದಾರಿ, ಆಚೆ ಇಳಿತದ ಸಮುದ್ರದ ಕೆಸರು ವಾಸನೆ.

ಸಿತ್ರಾದ ಸುಟ್ಟ ಗೋದಾಮು ಎಡಕ್ಕೆ ಬಂತು. ಸಬೀನಾ ಅತ್ತ ನೋಡಲಿಲ್ಲ. ಕುಲ್ಸುಂಗೆ ನೋಡದೆ ಇರಲಾಗಲಿಲ್ಲ.

ಅಲ್ಲಿ ಕಾವಲಿಗಿದ್ದವನು ಸಬೀನಾಳ ಗಂಡ ಸುಹೈಬ್. ಅವನನ್ನು ನೋಡಿ ಬರುತ್ತೇನೆಂದು ಅಬ್ಬಾಸ್ ಹೊರಟ ಸಂಜೆಯೇ ಗೋದಾಮು ಉರಿಯಿತು. ಒಳಗೊಂದು ಹೆಣ, ಕಾವಲಿನವನದೇ ಎಂದರು ಎಲ್ಲರೂ. ಬಾಗಿಲಿಗೆ ಹೊರಗಿನಿಂದ ಬೀಗ. ಅಬ್ಬಾಸ್ ಮತ್ತೆ ಮನೆಗೆ ಬರಲಿಲ್ಲ. ಅವನ ಮೊಬೈಲು ಇವತ್ತಿಗೂ ಸ್ವಿಚ್ಡ್ ಆಫ್.

ಪೊಲೀಸರಿಗಿಂತ ಮೊದಲು ಬಿಲ್ಡಿಂಗಿನವರೇ ತೀರ್ಪು ಕೊಟ್ಟರು. ಕುಲ್ಸುಂ ಎದುರು ವಾದಿಸಿದಾಗ ಪಕ್ಕದ ಫ್ಲ್ಯಾಟಿನ ಫಿಲೊಮಿನಾ ಹೇಳಿದ್ದಳು: "ನಿನ್ನ ಗಂಡ ಗೋದಾಮಿಗೆ ಬೀಗ ಹಾಕಿದ. ನೀನು ಬಾಯಿಗಾದ್ರೂ ಹಾಕು ಮಾರಾಯ್ತಿ."

ಮಯ್ಯತ್ತು ಹೊರಟಾಗ ಕುಲ್ಸುಂ ಮೆಟ್ಟಿಲ ಮೂಲೆಯಲ್ಲಿ ನಿಂತಿದ್ದಳು. ಹೆಣದ ಮುಖವನ್ನು ಯಾರಿಗೂ ತೋರಿಸಲಿಲ್ಲ, ತೋರಿಸುವಂಥದ್ದು ಉಳಿದಿರಲಿಲ್ಲ. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲವೆಂದು ಅವಳೂ ತುಪ್ಪದನ್ನ ಒಯ್ದಳು. ಸಬೀನಾ ಕಣ್ಣೆತ್ತಲಿಲ್ಲ.

"ನಿಮ್ಮ ಮನೆ ಅನ್ನ ನನಗೆ ಇಳಿಯುವುದಿಲ್ಲ ಅಕ್ಕ. ತಗೊಂಡು ಹೋಗಿ."

"ಅವರು ಮಾಡಿದ್ದಕ್ಕೆ ನನ್ನನ್ನು ಮಾಫ್ ಮಾಡು."

ಬಾಗಿಲು ಮುಚ್ಚಿತ್ತು.

ಅಂದಿನಿಂದ ಕುಲ್ಸುಂ ತಲೆತಗ್ಗಿಸಿಯೇ ನಡೆದಳು. ಹಾಗೆ ನಡೆದದ್ದರಿಂದಲೇ ಕಣ್ಣಿಗೆ ಬಿತ್ತು: ಸಬೀನಾಳ ಬಾಗಿಲ ಹೊರಗಿನ ಕಸದ ಚೀಲದಲ್ಲಿ ಶೇವಿಂಗ್ ಬ್ಲೇಡಿನ ಖಾಲಿ ಪೊಟ್ಟಣ. ಗಂಡಸಿಲ್ಲದ ಮನೆಯಲ್ಲಿ ಬ್ಲೇಡು ಯಾರಿಗೆ? ಉತ್ತರ ಒಂದೇ: ಅಬ್ಬಾಸನಿಗೆ. ಇಬ್ಬರೂ ಸೇರಿಯೇ ಸುಹೈಬನನ್ನು ಮುಗಿಸಿದ್ದಾರೆ.

ಒಮ್ಮೆ ಅಬ್ಬಾಸನ ಮುಖ ನೋಡಬೇಕು. ಆಮೇಲೆ ತಾನೇ ಪೊಲೀಸರಿಗೆ ಹಿಡಿದುಕೊಡಬೇಕು. ಇಷ್ಟು ಗಟ್ಟಿ ಮಾಡಿಕೊಂಡರೂ, ಪೆಡಲು ತುಳಿದಂತೆಲ್ಲ ಒಳಗೊಂದು ನಾಚಿಕೆಗೆಟ್ಟ ಮಾತು: ಬದುಕಿದ್ದಾರಲ್ಲ, ಅಷ್ಟು ಸಾಕು.

ಪೈಪು ಬಲಕ್ಕೆ ತಿರುಗಿತು. ದಾರಿ ಖರ್ಜೂರದ ತೋಟದೊಳಗೆ ನುಗ್ಗಿತು. ಮೇಕೆಗಳು, ಒಣಗಿದ ಕಾಲುವೆ, ತಗಡಿನ ಶೆಡ್ಡು. ಸಬೀನಾ ಮೂರು ಸಲ ಬಾಗಿಲು ತಟ್ಟಿದಳು. ಒಂದು ಕೈ ಹೊರಬಂದು ಟಿಫಿನ್ ತೆಗೆದುಕೊಂಡಿತು. ಒಳಗೆ ಗಂಡಸಿನ ಕೆಮ್ಮು. ಅಬ್ಬಾಸನಿಗೂ ಧೂಳಿನ ಕೆಮ್ಮಿತ್ತು.

ಕುಲ್ಸುಂ ಸೈಕಲ್ ಬಿಸಾಡಿ ಓಡಿದಳು. ಗಂಡನ ಹೆಸರು ಹಿಡಿದು ಅವಳು ಎಂದೂ ಕರೆದವಳಲ್ಲ.

"ಓಯ್! ಹೊರಗೆ ಬನ್ನಿ!"

ಸಬೀನಾ ಬಾಗಿಲಿಗೆ ಅಡ್ಡ ನಿಂತಳು. "ಬೇಡ ಅಕ್ಕ. ನೋಡ್ಬೇಡಿ. ನಿಮ್ಮ ಕಾಲಿಗೆ ಬೀಳ್ತೇನೆ."

"ನನ್ನ ಗಂಡನನ್ನು ನೋಡ್ಲಿಕ್ಕೆ ನಿನ್ನ ಪರ್ಮಿಷನ್ ಬೇಕಾ?"

ಅವಳನ್ನು ತಳ್ಳಿ ಕುಲ್ಸುಂ ತಗಡಿನ ಬಾಗಿಲು ಎಳೆದಳು. ಅರ್ಧ ಗಡ್ಡಕ್ಕೆ ಸೋಪಿನ ನೊರೆ, ಕೈಯಲ್ಲಿ ಬ್ಲೇಡು. ನಿಂತಿದ್ದವನು ಸುಹೈಬ್.

ಈ ಎರಡು ತಿಂಗಳು ಇದ್ದತ್ ಕೂರಬೇಕಾಗಿದ್ದವಳು ಕುಲ್ಸುಂ.